ಗಾಳಿ ಎತ್ತ?

ಹಿದ್ದ್ ಪಟ್ಟಣದ ಅಂಚಿಗೆ, ಕಡಲ ನೀರನ್ನು
ಕುಡಿಯುವ ನೀರು ಮಾಡುವ ಕಾರ್ಖಾನೆ.
ಮೂರನೆಯ ಮಹಡಿ. ಕಿಟಕಿಯಿಲ್ಲದ ಕೋಣೆ.
ಶೇಕಬ್ಬ ಕುರ್ಚಿಯ ತುದಿಯಲ್ಲಿ ಕೂತಿದ್ದ,
ಪೂರ್ತಿ ಕೂರಲು ಇನ್ನೂ ಅಪ್ಪಣೆಯಾಗಿಲ್ಲವೆಂಬಂತೆ.

ತನಿಖೆಗೆ ಬಂದವಳಲ್ಲ, ಅಂದೆ.
ಪರದೆ ಬರೆಯುವವಳು ನಾನು. ಗುಂಡಿ ಎಲ್ಲಿರಬೇಕು,
ಅಕ್ಷರ ಎಷ್ಟು ದಪ್ಪ, ಕೆಂಪು ಎಷ್ಟು ಕೆಂಪು,
ಅಷ್ಟೇ ನನ್ನ ಕೆಲಸ.
ಅವನು ನಂಬಲಿಲ್ಲ. ಆದರೂ ತೋರಿಸಿದ.

ಒಂದೇ ಪಟ್ಟಿಯಲ್ಲಿ ಎರಡು ಸಾಲು:
ಕ್ಲೋರಿನ್ ಸೋರಿಕೆ, ಪರೀಕ್ಷೆ.
ಕ್ಲೋರಿನ್ ಸೋರಿಕೆ.
ಅದೇ ಬೂದು, ಅದೇ ಗಾತ್ರ,
ನಡುವೆ ಅಕ್ಕಿಕಾಳು ಹಿಡಿಸದಷ್ಟು ಜಾಗ.
ಬೆಳಗಿನ ಜಾವ ನಾಲ್ಕಕ್ಕೆ ಹತ್ತು ನಿಮಿಷ,
ತಂತಿ ಬದುಕಿದೆಯೇ ಎಂದು ನೋಡುವ ಸದ್ದಿಲ್ಲದ ಪರೀಕ್ಷೆ.
ಬೆರಳು ಒಂದು ಸಾಲು ಕೆಳಗಿಳಿಯಿತು.

ಖಚಿತವೇ ಎಂದು ಕೇಳಲಿಲ್ಲವೇ ಪರದೆ?
"ಕೇಳ್ತದೆ ಮೇಡಂ, ಎಲ್ಲದಕ್ಕೂ ಕೇಳ್ತದೆ.
ಪಂಪು ನಿಲ್ಲಿಸಿದ್ರೂ ಖಚಿತವೇ, ಲೈಟು ತೆಗೆದ್ರೂ ಖಚಿತವೇ.
ದಿನಕ್ಕೆ ಅರುವತ್ತು ಸಲ ಹೌದು ಅಂದ ಬೆರಳು ಇದು.
ಅದು ಬಾಯಿ ತೆರೆಯುವ ಮೊದಲೇ ಹೌದು ಅಂತದೆ."

ಕ್ಯಾಂಪಿನಲ್ಲಿ ಮೂರು ಸಾವಿರ ಫೋನು ಒಟ್ಟಿಗೇ ಕಿರುಚಿದವು.
ಒದ್ದೆ ಟವೆಲು ಮೂಗಿಗೊತ್ತಿ ಓಡಿದರು.
ಮೆಟ್ಟಿಲು ಬಿಟ್ಟು ಹಾರಿದ ರೊಡೆಲ್‌ನ ಹಿಮ್ಮಡಿ ಮುರಿಯಿತು.
ಯಾರೋ ತನ್ನ ಗಿಳಿಯನ್ನು ಪಂಜರದಿಂದ ಬಿಟ್ಟ.
ಯಾದಗಿರಿಯ ವೆಲ್ಡರ್ ಭೀಮಶ್ಯಾ ಊರಿಗೆ ಫೋನು ಹಚ್ಚಿ
"ಯವ್ವಾ, ಪಾಟ್ಲಿ ತಮ್ಮ ಕದ್ದಿದ್ದಲ್ಲ.
ನಾನೇ ಒಯ್ದು ಮಾರೀನಿ" ಅಂದುಬಿಟ್ಟ.
ಒಂಬತ್ತು ವರ್ಷದಿಂದ ಆ ತಮ್ಮ
ಹೊಸ್ತಿಲು ತುಳಿದಿರಲಿಲ್ಲ.

ತಪ್ಪು ತಿಳಿದದ್ದು ಆರನೆಯ ಸೆಕೆಂಡಿಗೆ.
ಹಿಂತೆಗೆಯುವ ಗುಂಡಿಯೇ ಇರಲಿಲ್ಲ.
ಸುಳ್ಳು ಎಂಬ ಒಂದು ಮಾತಿಗೆ ಮೂರು ಸಹಿ,
ಮೂರು ನಿದ್ದೆ ಕೆಡಿಸಿ ತರಬೇಕಿತ್ತು.
ಮೂವತ್ತೊಂದು ನಿಮಿಷ.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು
ಎಂದು ನನ್ನಷ್ಟಕ್ಕೆ ಗೊಣಗಿದೆ.
ಏನಂದೆ, ಎಂದು ಕೇಳಿದ ಖಲ್ಫಾನ್, ಪಾಳಿಯ ಯಜಮಾನ.
ಹೇಳಿದೆ. ಮುತ್ತು ಎಂಬಲ್ಲಿ ಅವನ ಕಿವಿ ನಿಮಿರಿತು.

ಅವನಜ್ಜ ಮುತ್ತಿನ ದೋಣಿಯಲ್ಲಿ ಹಗ್ಗ ಹಿಡಿಯುತ್ತಿದ್ದನಂತೆ.
ಕೆಳಗೆ ಮುಳುಗಿದವನು ಒಮ್ಮೆ ಜಗ್ಗಿದರೆ ಎಳೆಯಬೇಕು.
ಮೀನು ಉಜ್ಜಿದರೂ ಹಗ್ಗ ಜಗ್ಗುತ್ತದೆ, ಅಲೆಗೂ ಜಗ್ಗುತ್ತದೆ.
ಹೇಗೆ ತಿಳಿಯುತ್ತಿತ್ತು?
"ಹಗ್ಗ ಕೈ ಬಿಟ್ಟು ಕೆಳಗಿಡುತ್ತಿರಲಿಲ್ಲ. ಅಷ್ಟೇ.
ಒಮ್ಮೆ ಸುಮ್ಮನೆ ಎಳೆದ. ಅರ್ಧ ಬುಟ್ಟಿಯ ಜೊತೆ ಮೇಲೆ ಬಂದವನು
ಬೈದ, ಮೂರು ದಿನ ಬೈದ.
ಒಮ್ಮೆ ಎಳೆಯಲಿಲ್ಲ."
ಖಲ್ಫಾನ್ ಅಲ್ಲಿಗೆ ನಿಲ್ಲಿಸಿ ಚಹಾ ತರಿಸಿದ.

ಆ ರಾತ್ರಿ ಖಚಿತವೇ ಎಂಬುದನ್ನು ಅಳಿಸಿದೆ.
ಅದರ ಜಾಗದಲ್ಲಿ ಬರೆದೆ: ಗಾಳಿ ಎತ್ತ?
ಹೌದು ಎಂದರೆ ಉತ್ತರವಾಗದು.
ತಲೆಯೆತ್ತಿ ಗಾಳಿಚೀಲ ನೋಡಬೇಕು,
ಶಮಾಲ್ ಬೀಸುತ್ತಿದೆಯೋ, ಕಡಲ ಕಡೆಯದೋ,
ನೋಡಿ ಬೆರಳಚ್ಚಿಸಬೇಕು.
ಸತ್ಯವಾದರೆ ಓಡುವವರಿಗೂ ಅದೇ ಬೇಕಲ್ಲ.

ಕಿಟಕಿ ಬೇಕೆಂದು ಕೇಳಿದೆ.
ಬಜೆಟ್ಟಿನಲ್ಲಿಲ್ಲ ಅಂದರು. ಕ್ಯಾಮೆರಾ ಕೊಟ್ಟರು.

ಪರೀಕ್ಷೆಯನ್ನು ಬೇರೆ ಪರದೆಗೆ ಒಯ್ದೆ.
ತಪ್ಪಾಗಿದೆ, ಹಿಂತಿರುಗಿ ಎಂಬ ಮಾತನ್ನು
ಆರು ಭಾಷೆಯಲ್ಲಿ ಮೊದಲೇ ಬರೆಸಿಟ್ಟೆ. ಸಹಿ ಬೇಡ.
ಕನ್ನಡ ಪಟ್ಟಿಯಲ್ಲಿರಲಿಲ್ಲ. ಏಳನೆಯದಾಗಿ ಸೇರಿಸಿದೆ,
ಯಾರೂ ಗಮನಿಸಲಿಲ್ಲ.

ಕ್ಯಾಂಪಿನಲ್ಲಿ ತೋರಿಸಿದಾಗ ಭೀಮಶ್ಯಾ ಕೇಳಿದ:
"ಈ ಗುಂಡಿ ನಮ್ಮೂರ ಮಟಾ ಮುಟ್ಟತೈತೇನ್ರಿ ಅಕ್ಕೋರೆ?"
ಪಕ್ಕದವರು ನಕ್ಕರು. ಅವನೂ ನಕ್ಕ.
ತಮ್ಮ ಮನೆಗೆ ಬಂದುಹೋದನಂತೆ.
ತಾಯಿ ಈಗ ಇವನ ಫೋನು ಎತ್ತುವುದಿಲ್ಲ.

ಶೇಕಬ್ಬನ ಕೈಯಲ್ಲೇ ಮಾಡಿಸಿ ನೋಡಿದೆವು.
ಬೆರಳು ಹೌದು ಹುಡುಕಿ ಪರದೆಯ ಮೇಲೆ ಅಲೆಯಿತು.
ಆಮೇಲೆ ಅವನು ತಲೆಯೆತ್ತಿದ.
ಹನ್ನೊಂದು ಸೆಕೆಂಡು ಹೆಚ್ಚಾಯಿತು.

ಹನ್ನೊಂದು ಸೆಕೆಂಡಿನಲ್ಲಿ ಆ ಹಳದಿ ಹಸಿರು ಹೊಗೆ
ಎಷ್ಟು ಮಾರು ನಡೆದೀತೆಂದು ಲೆಕ್ಕ ಹಾಕಿ
ವರದಿಯ ಮೊದಲ ಪುಟದಲ್ಲೇ ಬರೆದಿದ್ದೇನೆ.
ರಾತ್ರಿ ಎಚ್ಚರವಾದಾಗ ಬಾಲ್ಕನಿಗೆ ಬರುತ್ತೇನೆ.
ಎದುರು ಮಹಡಿಯಲ್ಲಿ ಒಣಹಾಕಿದ ಅಂಗಿಯೊಂದು
ಒಮ್ಮೆ ಕಡಲಿಗೆ, ಒಮ್ಮೆ ಊರಿಗೆ ತೋಳು ಚಾಚುತ್ತದೆ.